ಟರ್ಬೊ ಕಾರಿಗೆ ವಾಟರ್-ಮೆಥ್ ಸ್ಪ್ರೇ: ಪಂಪ್ ಪ್ರೆಶರ್, ನಾಝಲ್ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ನನ್ ಹತ್ರ ಇರೋದು ಹಳೇ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ. ದೊಡ್ಡ ಟರ್ಬೊ ಹಾಕ್ಸಿ 20 ಪಿಎಸ್‌ಐ (ಪ್ರೆಶರ್ ಅಳೆಯೋ ಯೂನಿಟ್) ಬೂಸ್ಟ್‌ನಲ್ಲಿ, ಅಂದ್ರೆ ಟರ್ಬೊ ಒತ್ತಿ ಕಳಿಸೋ ಗಾಳಿಯ ಪ್ರೆಶರ್‌ನಲ್ಲಿ, 250 ಎಚ್‌ಪಿ ಆಸುಪಾಸು ಓಡಿಸ್ತಿದ್ದೀನಿ, ಇಂಜಿನ್‌ಗೆ ಹೋಗೋ ಗಾಳಿಗೆ ಮಂಜಿನ ತರ ಸ್ಪ್ರೇ ಹೊಡೆಯೋ ನೀರು-ಮೆಥನಾಲ್ ಕಿಟ್ ಹಾಕಿ ಕೆಲವು ವರ್ಷ ಆಯ್ತು. ಕಿಟ್ ತಗೊಂಡೋರೆಲ್ಲ ಮೊದಲು ಕೇಳೋದು ಪಂಪ್ ಎಷ್ಟು ಪಿಎಸ್‌ಐ ಅಂತ, ಆದ್ರೆ ಇಂಜಿನ್‌ಗೆ ಬೇಕಾಗಿರೋದು ಡಬ್ಬದ ಮೇಲಿರೋ ಪಿಎಸ್‌ಐ ಅಲ್ಲ, ಫುಲ್ ಬೂಸ್ಟ್ ಇದ್ದಾಗ ನಾಝಲ್ ಬಾಯಲ್ಲಿ ಎಷ್ಟು ಉಳಿದಿರುತ್ತೆ ಅನ್ನೋದು. ಇಲ್ಲಿರೋ ಅರ್ಧಕ್ಕರ್ಧ ಉತ್ತರ ಅಲ್ಲಿಗೇ ಬಂದು ನಿಲ್ಲುತ್ತೆ.

ಪ್ರ: ಇಂಟರ್‌ಕೂಲರ್ ಇದೆಯಲ್ಲ, ಇದ್ಯಾಕೆ ಬೇಕು?

ಟರ್ಬೊ ಗಾಳೀನ ಒತ್ತಿದಾಗ ಅದು ಬಿಸಿಯಾಗುತ್ತೆ, ಇಂಟರ್‌ಕೂಲರ್ ಒಂದಷ್ಟು ತಣ್ಣಗೆ ಮಾಡುತ್ತೆ, ಆದ್ರೆ ಏಪ್ರಿಲ್ ಬಿಸಿಲಲ್ಲಿ ಟ್ರಾಫಿಕ್‌ನಲ್ಲಿ ನಿಂತು ನಿಂತು ಆಮೇಲೆ ಹೈವೇಗೆ ಬಂದ್ರೆ ಇಂಟರ್‌ಕೂಲರೇ ಕಾದ ಹೆಂಚಾಗಿರುತ್ತೆ. ಬೇಸಿಗೆಯಲ್ಲಿ ಅಂಗಳಕ್ಕೆ ನೀರು ಚಿಮುಕಿಸಿದ್ರೆ ತಂಪಾಗುತ್ತಲ್ಲ, ಅದೇ ಕೆಲಸ ಇಲ್ಲಿ. ಒಂದು ಕೆಜಿ ನೀರು ಆವಿಯಾಗೋಕೆ ಸುಮಾರು 2257 ಕಿಲೋಜೂಲ್ ಶಾಖ ಹೀರುತ್ತೆ, ಮೆಥನಾಲ್ 1100 ಹತ್ರ, ಪೆಟ್ರೋಲ್ ಬರೀ 350 ಆಸುಪಾಸು. ಮೆಥನಾಲ್ ಮೇಲಿಂದ ಫ್ಯುಯೆಲ್ ಕೂಡ ಹೌದು, ನಾಕಿಂಗ್ (ಸಿಲಿಂಡರ್ ಒಳಗೆ ಇಂಧನ ಬಿಸಿಗೆ ತಾನಾಗೇ ಹತ್ತಿ ಬಡಿಯೋದು) ತಡೆಯೋ ಶಕ್ತಿನೂ ಚೆನ್ನಾಗಿದೆ. ಅದಕ್ಕೇ ಇಬ್ರನ್ನೂ ಸೇರಿಸಿ ಹೊಡೆಯೋದು.

ಪ್ರ: ಇದು ಹೊಸ ಟೆಕ್ನಾಲಜಿನಾ?

ಇಲ್ಲ, ಅಜ್ಜನ ಕಾಲದ್ದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಿಮಾನಗಳಲ್ಲಿ ಎಂಡಬ್ಲ್ಯು 50 ಅಂತ ಇತ್ತು, ಅರ್ಧ ಮೆಥನಾಲ್, ಉಳಿದದ್ದು ಹೆಚ್ಚುಕಮ್ಮಿ ಪೂರ್ತಿ ನೀರು, ಚೂರು ತುಕ್ಕು ತಡೆಯೋ ಎಣ್ಣೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಶೋರೂಮಿಂದಲೇ ಟರ್ಬೊ, ಅದರ ಜೊತೆಗೆ ನೀರು-ಮೆಥನಾಲ್ ಟ್ಯಾಂಕ್ ಇಟ್ಕೊಂಡು ಬಂತು. ಆಮೇಲೆ 1986-87ರ ಬ್ಯುಯಿಕ್ ಗ್ರ್ಯಾಂಡ್ ನ್ಯಾಷನಲ್, 3.8 ಲೀಟರ್ ಟರ್ಬೊ ವಿ6, ಅದರ ಓನರ್‌ಗಳು ಅಲ್ಲಿ ಆಲ್ಕೊಹಾಲ್ ಇಂಜೆಕ್ಷನ್ ಹಾಕ್ಕೊಂಡು ಪಂಪ್ ಗಿಂಪ್ ಅಂತ ಕಲಿತದ್ದನ್ನೇ ಇವತ್ತು ನಾವೆಲ್ಲ ಫಾಲೋ ಮಾಡ್ತಿರೋದು. ಬಿಎಂಡಬ್ಲ್ಯು ಎಂ4 ಜಿಟಿಎಸ್‌ನಲ್ಲಿ ಡಿಕ್ಕಿ ಒಳಗೆ 5 ಲೀಟರ್ ಟ್ಯಾಂಕ್, 10 ಬಾರ್ ಪ್ರೆಶರ್, ಅದು ಬರೀ ನೀರು.

ಪ್ರ: 150 ಪಿಎಸ್‌ಐ ಪಂಪ್ ಸಾಕಾ, 300ದು ತಗೊಳ್ಲಾ?

ಮೊದಲು ಲೆಕ್ಕ ನೋಡಿ. ನಾಝಲ್ ಇರೋದು ಬೂಸ್ಟ್ ಇರೋ ಪೈಪ್ ಒಳಗೆ. ಲೈನ್‌ನಲ್ಲಿ 150 ಇದ್ರೂ ಎದುರಿಂದ 20 ಪಿಎಸ್‌ಐ ಬೂಸ್ಟ್ ಒತ್ತುತ್ತಾ ಇರುತ್ತೆ, ಹಾಗಾಗಿ ನಾಝಲ್‌ಗೆ ಸಿಗೋದು 130. ಅದಕ್ಕೆ ಮೊದಲು ಸ್ಪ್ರಿಂಗ್ ಚೆಕ್ ವಾಲ್ವ್ (ನೀರನ್ನ ಒಂದೇ ಕಡೆಗೆ ಬಿಡೋ ವಾಲ್ವ್) ಇದ್ರೆ ಅದೂ ಒಂದಷ್ಟು ತಿನ್ನುತ್ತೆ. ಇನ್ನೊಂದು, ಫ್ಲೋ ಅನ್ನೋದು ಪ್ರೆಶರ್‌ನ ವರ್ಗಮೂಲದ ಲೆಕ್ಕದಲ್ಲಿ ಏರುತ್ತೆ. ಪ್ರೆಶರ್ ಡಬಲ್ ಮಾಡಿದ್ರೆ ಫ್ಲೋ ಡಬಲ್ ಆಗಲ್ಲ, 1.41 ಪಟ್ಟು ಅಷ್ಟೇ. 

ಉದಾಹರಣೆಗೆ 100 ಪಿಎಸ್‌ಐನಲ್ಲಿ ನಿಮಿಷಕ್ಕೆ 200 ಎಂಎಲ್ ಅಂತ ರೇಟಿಂಗ್ ಇರೋ ನಾಝಲ್ ತಗೊಳ್ಳಿ. 130 ಸಿಕ್ಕಿದ್ರೆ 228 ಎಂಎಲ್ ಹೊಡೆಯುತ್ತೆ. ಪಂಪ್ ಬದಲಾಯಿಸಿ ಲೈನ್ 200ಕ್ಕೆ ಏರಿಸಿದ್ರೆ ನಾಝಲ್‌ಗೆ 180, ಫ್ಲೋ 268. ಅಂದ್ರೆ 18 ಪರ್ಸೆಂಟ್ ಜಾಸ್ತಿ, ಅದನ್ನ ಒಂದು ಸೈಜ್ ದೊಡ್ಡ ನಾಝಲ್ ಹಾಕಿನೂ ತರಬಹುದು. ಹಾಗಾದ್ರೆ ಹೈ ಪ್ರೆಶರ್ ಯಾಕೆ ಅಂದ್ರೆ ಫ್ಲೋಗಲ್ಲ, ಹನಿ ಸಣ್ಣದಾಗೋಕೆ. ಹನಿ ಎಷ್ಟು ಸಣ್ಣದೋ ಅಷ್ಟು ಬೇಗ ಆವಿಯಾಗುತ್ತೆ, ದಪ್ಪ ಹನಿ ಗೋಡೆಗೆ ಅಂಟ್ಕೊಂಡು ಹರಿದು ಯಾವುದೋ ಒಂದು ಸಿಲಿಂಡರ್‌ಗೆ ಹೋಗುತ್ತೆ. ನಮ್ ತರದ 20 ಪಿಎಸ್‌ಐ ರೋಡ್ ಕಾರಿಗೆ ನಿಜವಾಗ್ಲೂ 150 ಹಿಡಿದಿಟ್ಕೊಳ್ಳೋ ಪಂಪ್ ಸಾಕು. 30, 35 ಬೂಸ್ಟ್ ಓಡಿಸೋರಿಗೆ ದೊಡ್ಡದು ಬೇಕು. "ಹಿಡಿದಿಟ್ಕೊಳ್ಳೋ" ಅನ್ನೋ ಮಾತು ಮುಖ್ಯ, ಯಾಕಂದ್ರೆ ಡಬ್ಬದ ಮೇಲೆ 150 ಅಂತ ಬರೆದಿರೋದು ಬಾಯಿ ಮುಚ್ಚಿದಾಗಿನ ಪ್ರೆಶರ್, ನೀರು ಹರಿಯೋಕೆ ಶುರುವಾದ್ಮೇಲೆ ಅದು ಇಳಿಯುತ್ತೆ.

ಪ್ರ: ನನ್ ಕಾರಿಗೆ ಯಾವ ಸೈಜ್ ನಾಝಲ್?

ಎಚ್‌ಪಿ ನೋಡಿ ಪೆಟ್ರೋಲ್ ಎಷ್ಟು ಹೋಗುತ್ತೆ ಅಂತ ಅಂದಾಜು ಮಾಡಿ, ಅದರ 10ರಿಂದ 20 ಪರ್ಸೆಂಟ್ ಸ್ಪ್ರೇ, ಇದು ಎಲ್ಲರೂ ಬಳಸೋ ರೂಲು. 250 ಎಚ್‌ಪಿ ಟರ್ಬೊ ಪೆಟ್ರೋಲ್ ಇಂಜಿನ್ ಫುಲ್ ಥ್ರಾಟಲ್‌ನಲ್ಲಿ ನಿಮಿಷಕ್ಕೆ ಸುಮಾರು 1400 ಎಂಎಲ್ ಪೆಟ್ರೋಲ್ ಕುಡಿಯುತ್ತೆ. 10 ಪರ್ಸೆಂಟ್ ಅಂದ್ರೆ 140, 15 ಅಂದ್ರೆ 210, 20 ಅಂದ್ರೆ 280. ಮೇಲಿನ 200ರ ನಾಝಲ್ 228 ಹೊಡೆಯುತ್ತಲ್ಲ, 16 ಪರ್ಸೆಂಟ್ ಆಯ್ತು, ಸರಿಯಾಗಿ ಕೂತ್ಕೊಳ್ಳುತ್ತೆ. 

ಆದ್ರೆ ಶುರು ಮಾಡೋವಾಗ 10 ಪರ್ಸೆಂಟ್ ಕಡೆಯಿಂದ ಬನ್ನಿ ದಯವಿಟ್ಟು. ಕಿಟ್ ಜೊತೆ ಮೂರು ನಾಝಲ್ ಬಂದಿದ್ರೆ ಎಲ್ಲರ ಕೈ ದೊಡ್ಡದಕ್ಕೇ ಹೋಗುತ್ತೆ, ಆಮೇಲೆ ಬೂಸ್ಟ್ ಏರೋವಾಗ ಗಾಡಿ ಕೆಮ್ಮುತ್ತೆ, ಕೈಯಲ್ಲಿ ಹಿಡಿದು ನಿಲ್ಲಿಸಿದ ಹಾಗೆ ಆಗುತ್ತೆ, ಪ್ಲಗ್ ಕಿಡಿ ಆರೋಗುತ್ತೆ ನೀರಿಗೆ. ಇನ್ನು ನಾಝಲ್ ಮೇಲಿನ ನಂಬರ್ ಯಾವ ಪ್ರೆಶರ್‌ನಲ್ಲಿ ಅಳೆದದ್ದು ಅಂತ ಕಂಪನಿ ಶೀಟ್‌ನಲ್ಲಿ ನೋಡಿ, ಎಲ್ಲರೂ 100ರಲ್ಲೇ ಅಳೆಯಲ್ಲ. ಗ್ಯಾಲನ್‌ನಲ್ಲಿ ಕೊಟ್ಟಿದ್ರೆ ಗಂಟೆಗೆ ಒಂದು ಅಮೆರಿಕನ್ ಗ್ಯಾಲನ್ ಅಂದ್ರೆ ನಿಮಿಷಕ್ಕೆ 63 ಎಂಎಲ್.

ಪ್ರ: ನಿಜವಾದ ಪ್ರೆಶರ್ ಎಷ್ಟಿದೆ ಅಂತ ಮನೇಲೇ ನೋಡೋದು ಹೇಗೆ?

ಇದನ್ನ ಒಂದು ಭಾನುವಾರ ಬೆಳಗ್ಗೆ ಕೂತು ಮಾಡಿ, ಎರಡು ಗಂಟೆ ಕೆಲಸ. ನಾಝಲ್ ಬಿಚ್ಚಿ ಹೊರಗೆ ತಗೊಳ್ಳಿ, ಅದರ ಹಿಂದೆ ಒಂದು ಟೀ (ಮೂರು ಬಾಯಿಯ ಫಿಟಿಂಗ್) ಹಾಕಿ 0-300 ಪಿಎಸ್‌ಐ ಗೇಜ್ ಕೂರಿಸಿ, ಟ್ಯಾಂಕ್‌ಗೆ ಬರೀ ನೀರು ತುಂಬಿ, ಮೆಥನಾಲ್ ಬೇಡ. ನಾನು ನಾಝಲ್‌ನ ಒಂದು ದೊಡ್ಡ ಉಪ್ಪಿನಕಾಯಿ ಗಾಜಿನ ಭರಣಿ ಬಾಯಿಗೆ ಹಿಡಿದು ಹಿಂದೆ ಕಪ್ಪು ಬಟ್ಟೆ ಇಟ್ಟು ಪಕ್ಕದಿಂದ ಟಾರ್ಚ್ ಬಿಟ್ಟು ನೋಡ್ದೆ. 140 ಪಿಎಸ್‌ಐನಲ್ಲಿ ಮಡಿಕೇರಿ ಬೆಳಗಿನ ಮಂಜಿನ ತರ, ಹನಿ ಅಂತ ಕಣ್ಣಿಗೆ ಕಾಣೋದೇ ಇಲ್ಲ, ಭರಣಿ ಒಳಗೆ ತೇಲ್ತಾ ಇರುತ್ತೆ. ವೋಲ್ಟೇಜ್ ಇಳಿಸ್ತಾ ಬಂದೆ, 80ರಲ್ಲಿ ಸ್ಪ್ರೇಯ ಕೋನ್ ಚೆನ್ನಾಗೇ ಇದೆ ಆದ್ರೆ ಅಂಚಲ್ಲಿ ಹನಿ ಕಾಣ್ಸುತ್ತೆ, 40ಕ್ಕೆ ಬಂದಾಗ ಕೋನ್ ಮುದುಡ್ಕೊಂಡು ನಡುವೆ ಒಂದು ದಾರ ಬಿದ್ದ ಹಾಗೆ ನೀರು ಬಿತ್ತು. ಅದನ್ನ ಒಂದ್ಸಲ ಕಣ್ಣಾರೆ ನೋಡಿದ್ರೆ ಪ್ರೆಶರ್ ಯಾಕೆ ಬೇಕು ಅಂತ ಮತ್ಯಾರೂ ಹೇಳಿಕೊಡೋದು ಬೇಕಾಗಲ್ಲ.

ಆಮೇಲೆ ಅಳತೆ. ಅಳತೆ ಲೋಟ ಇಟ್ಟು ಮೊಬೈಲ್‌ನಲ್ಲಿ 30 ಸೆಕೆಂಡ್ ಟೈಮರ್ ಹಾಕಿ ಹಿಡೀರಿ, ಬಂದಿದ್ದನ್ನ ಎರಡರಿಂದ ಗುಣಿಸಿ. ಇಲ್ಲಿ ಎದುರು ಬೂಸ್ಟ್ ಇಲ್ಲ, ಹಾಗಾಗಿ ಗಾಡೀಲಿ ಬರೋದಕ್ಕಿಂತ ಚೂರು ಜಾಸ್ತಿನೇ ತೋರಿಸುತ್ತೆ ಅನ್ನೋದು ನೆನಪಿರ್ಲಿ. ಇಂಜಿನ್ ಆನ್ ಇಟ್ಟೇ ಮಾಡಿ, ಯಾಕಂದ್ರೆ ಪಂಪ್‌ಗೆ 13.8 ವೋಲ್ಟ್ ಸಿಕ್ಕಿದಾಗ ಇರೋ ದಮ್ಮು 12ರಲ್ಲಿ ಇರಲ್ಲ. ನನ್ ಪಂಪ್ ಮೊದಲನೇ ಸಲ ಅಳೆದಾಗ 105 ತೋರಿಸ್ತು, ಡಬ್ಬದಲ್ಲಿ 150. ಪಂಪ್ ಕೆಟ್ಟಿರಲಿಲ್ಲ, ನಾನೇ ಡಿಕ್ಕಿವರೆಗೆ ಸಣ್ಣ ವೈರ್ ಎಳೆದಿದ್ದೆ, ಪಂಪ್ ಹತ್ರ ಮೀಟರ್ ಇಟ್ರೆ 11.2 ವೋಲ್ಟ್. ದಪ್ಪ ವೈರ್, ರಿಲೇ, ಬಾಡಿಗೆ ಒಳ್ಳೆ ಅರ್ತಿಂಗ್ ಕೊಟ್ಟ ಮೇಲೆ 140 ದಾಟಿತು.

ಪ್ರ: ಪಂಪ್ ತಲೆ ಮೇಲೆ ಸ್ಕ್ರೂ ಇದೆ, ತಿರುಗಿಸಬಹುದಾ?

ಅದು ಪ್ರೆಶರ್ ಸ್ವಿಚ್ ಸ್ಕ್ರೂ. ಸಾಮಾನ್ಯವಾಗಿ ಒಳಗೆ ತಿರುಗಿಸಿದ್ರೆ ಕಟ್-ಆಫ್ ಪ್ರೆಶರ್, ಅಂದ್ರೆ ಪಂಪ್ ತಾನಾಗೇ ನಿಲ್ಲೋ ಪ್ರೆಶರ್, ಏರುತ್ತೆ. ಕಾಲು ಸುತ್ತು ತಿರುಗಿಸಿ, ಗೇಜ್ ನೋಡಿ, ಮತ್ತೆ ಕಾಲು ಸುತ್ತು. ಗೇಜ್ ಇಲ್ದೆ ಮುಟ್ಲೇಬೇಡಿ. ಪೂರ್ತಿ ಒಳಗೆ ಹೋದ್ರೆ ಸ್ವಿಚ್ ಕಟ್ಟೇ ಆಗಲ್ಲ, ಮೋಟರ್ ಮುಚ್ಚಿದ ಲೈನ್‌ಗೆ ಒದ್ದಾಡಿ ಫ್ಯೂಸ್ ಹೋಗುತ್ತೆ ಇಲ್ಲಾ ಫಿಟಿಂಗ್ ಕಿತ್ಕೊಂಡು ಬರುತ್ತೆ.

ಪ್ರ: ಸ್ಪ್ರೇ ಆಗೋವಾಗ ಪಂಪ್ ಟಕ್ ಟಕ್ ಟಕ್ ಅಂತ ಆನ್ ಆಫ್ ಆಗ್ತಿದೆ, ಯಾಕೆ?

ನಾಝಲ್ ಸಣ್ಣದು, ಪಂಪ್ ದೊಡ್ಡದು. ಪಂಪ್ ಕ್ಷಣದಲ್ಲಿ ಕಟ್-ಆಫ್ ಮುಟ್ಟಿ ನಿಲ್ಲುತ್ತೆ, ನಾಝಲ್ ಚೂರು ಬಿಡ್ತಿದ್ದ ಹಾಗೆ ಪ್ರೆಶರ್ ಬಿದ್ದು ಮತ್ತೆ ಆನ್. ಹೀಗೆ ಲೈನ್ 150ರಿಂದ 100ಕ್ಕೆ, 100ರಿಂದ 150ಕ್ಕೆ ಜೋಕಾಲಿ ಆಡ್ತಾ ಇದ್ರೆ ಸ್ಪ್ರೇನೂ ಹಾಗೇ ಆಡುತ್ತೆ, ಇಂಜಿನ್‌ಗೆ ಅದು ಒಳ್ಳೇದಲ್ಲ. ಒಳಗೇ ಬೈಪಾಸ್ ಇರೋ ಪಂಪ್ ಹಾಕಿದ್ರೆ ನಿಲ್ಲದೆ ಓಡುತ್ತೆ, ಹೆಚ್ಚಿದ್ದು ಒಳಗೇ ಸುತ್ತುತ್ತೆ. ಇಲ್ಲಾಂದ್ರೆ ಲೈನ್‌ನಲ್ಲಿ ಸಣ್ಣ ಅಕ್ಯುಮ್ಯುಲೇಟರ್ (ಪ್ರೆಶರ್ ಹಿಡಿದಿಟ್ಕೊಳ್ಳೋ ಸಣ್ಣ ಟ್ಯಾಂಕ್) ಹಾಕಿ. ಕಂಟ್ರೋಲರ್ ಪಂಪ್ ಸ್ಪೀಡನ್ನೇ ಕಮ್ಮಿ ಜಾಸ್ತಿ ಮಾಡೋ ತರದ್ದಾದ್ರೆ ಕಟ್-ಆಫ್‌ನ ಕೆಲಸ ಮಾಡೋ ಪ್ರೆಶರ್‌ಗಿಂತ ಸ್ವಲ್ಪ ಮೇಲಿಟ್ರೆ ಈ ತೊಂದ್ರೆ ಬಹುತೇಕ ಹೋಗುತ್ತೆ.

ಪ್ರ: ಒಂದು ದೊಡ್ಡ ನಾಝಲ್ಲಾ, ಎರಡು ಸಣ್ಣದಾ?

ಎರಡು ಸಣ್ಣದು ಹಾಕಿದ್ರೆ ಮಂಜು ಇನ್ನೂ ನುಣ್ಣಗೆ ಬರುತ್ತೆ, ನಿಜ. ಆದ್ರೆ ಒಂದು ಪಂಪ್ ಮೇಲೆ ಎರಡು ಬಾಯಿ ತೆರೆದ್ರೆ ಲೈನ್ ಪ್ರೆಶರ್ ಇಳಿಯುತ್ತೆ, ಇಳಿದದ್ದು ಎಷ್ಟು ಅಂತ ಗೇಜ್ ಹಾಕಿ ನೋಡಿದ ಮೇಲೇ ಎರಡನೇದು. ಸಿಲಿಂಡರ್‌ಗೊಂದು ನಾಝಲ್ ಅಂತ ನಾಲ್ಕು ಹಾಕೋರಿಗೆ ನನ್ನ ಸಲಹೆ ಅಷ್ಟೇ, ನಾಲ್ಕನ್ನೂ ಒಂದೊಂದಾಗಿ ಲೋಟಕ್ಕೆ ಹಿಡಿದು ಅಳೀರಿ, ಒಂದರದ್ದು ಕಮ್ಮಿ ಬಂದ್ರೆ ಆ ಸಿಲಿಂಡರೇ ಮೊದಲು ಸಾಯೋದು.

ಪ್ರ: ನಾಝಲ್ ಎಲ್ಲಿ ಕೂರಿಸ್ಬೇಕು?

ಇಂಟರ್‌ಕೂಲರ್ ಆದ್ಮೇಲೆ, ಥ್ರಾಟಲ್ ಬಾಡಿಗೆ ಒಂದು ಗೇಣು, ಒಂದೂವರೆ ಗೇಣು ಮೊದಲು. ಇಂಟರ್‌ಕೂಲರ್ ಮುಂಚೆ ಹಾಕಿದ್ರೆ ನೀರೆಲ್ಲ ಅದರ ತಳದಲ್ಲಿ ನಿಲ್ಲುತ್ತೆ. ಟೆಂಪರೇಚರ್ ಸೆನ್ಸರ್‌ಗೆ ನೇರ ಸ್ಪ್ರೇ ತಾಗಬಾರದು, ತಾಗಿದ್ರೆ ಒದ್ದೆ ಸೆನ್ಸರ್ ಗಾಳಿ ಇರೋದಕ್ಕಿಂತ ತಣ್ಣಗಿದೆ ಅಂತ ಇಸಿಯುಗೆ (ಇಂಜಿನ್ ಕಂಪ್ಯೂಟರ್‌ಗೆ) ಸುಳ್ಳು ಹೇಳುತ್ತೆ, ಇಸಿಯು ಖುಷಿಯಾಗಿ ಪ್ಲಗ್ ಕಿಡಿಯ ಟೈಮಿಂಗ್ ಮುಂದಕ್ಕೆ ಕೊಡುತ್ತೆ. ನಾಝಲ್ ಪಕ್ಕದಿಂದ ಇಲ್ಲಾ ಕೆಳಗಿಂದ ಮೇಲಕ್ಕೆ ಕೂತಿದ್ರೆ ಉಳಿದ ನೀರು ತೊಟ್ಟಿಕ್ಕಲ್ಲ.

ಪ್ರ: ಮನೆ ಆರ್‌ಒ ಪಂಪ್ ಹಾಕಬಹುದಾ? ಔಷಧಿ ಹೊಡೆಯೋ ಸ್ಪ್ರೇಯರ್ ಪಂಪ್?

ನೋಡೋಕೆ ಒಂದೇ ಜಾತಿ ಹೌದು, ಎಲ್ಲಾ ಡಯಾಫ್ರಮ್ ಪಂಪೇ. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದ ಕೈಗೆ ನಾಝಲ್ ಕೋನ್, ಪ್ರೆಶರ್ ಎಲ್ಲ ಹೇಳ್ಕೊಡೋದೇ ಬೇಡ, ವಿಜಯಪುರದ ಕಡೆ ಗೆಳೆಯನೊಬ್ಬ ನನ್ ಸ್ಪ್ರೇ ನೋಡಿದ ತಕ್ಷಣ "ಅಣ್ಣಾ, ಹನಿ ದಪ್ಪ ಬರಾಕತ್ತೈತಿ, ಪ್ರೆಶರ್ ಸಾಲವಲ್ದು" ಅಂತ ಹೇಳ್ದ, ಸರಿಯಾಗೇ ಹೇಳ್ದ. ಆದ್ರೆ ಆರ್‌ಒ ಪಂಪ್ ಫ್ಲೋ ಸಾಲಲ್ಲ, ಬಹಳಷ್ಟು 24 ವೋಲ್ಟ್. ಸ್ಪ್ರೇಯರ್ ಪಂಪ್‌ನಲ್ಲಿ ಫ್ಲೋ ಇರುತ್ತೆ, ಆದ್ರೆ ಎರಡರ ಒಳಗಿನ ರಬ್ಬರ್ ಮೆಥನಾಲ್‌ಗೆ ಅಂತ ಮಾಡಿರಲ್ಲ. ಮೆಥನಾಲ್‌ಗೆ ಇಪಿಡಿಎಂ ರಬ್ಬರ್ ತಡೆಯುತ್ತೆ, ಪೆಟ್ರೋಲ್‌ಗೆ ಚೆನ್ನಾಗಿರೋ ಸಾಮಾನ್ಯ ವೈಟಾನ್ ಸೀಲ್ ಇದರಲ್ಲಿ ಊದ್ಕೊಳ್ಳುತ್ತೆ. ಸೋರಿದ್ರೆ ಪಕ್ಕದಲ್ಲೇ ಕಿಡಿ ಹಾರೋ ಮೋಟರ್ ಇದೆ. ದುಡ್ಡು ಉಳಿಸೋ ಜಾಗ ಇದಲ್ಲ.

ಪ್ರ: ನಿಧಾನಕ್ಕೆ ಹೋಗೋವಾಗ ಗಾಡಿ ಮಿಸ್ಸಿಂಗ್, ಟ್ಯಾಂಕ್ ಬೇಗ ಖಾಲಿ. ಲೀಕ್ ಎಲ್ಲೂ ಇಲ್ಲ.

ಇಂಜಿನ್ನೇ ಹೀರ್ಕೊಳ್ತಿದೆ. ನಾಝಲ್ ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿದ್ರೆ ಥ್ರಾಟಲ್ ಮುಚ್ಚಿದಾಗ ಅಲ್ಲಿ ವ್ಯಾಕ್ಯೂಮ್, ಸ್ಟ್ರಾ ಹಾಕಿ ಎಳನೀರು ಎಳೆದ ಹಾಗೆ. ಟ್ಯಾಂಕ್ ಡಿಕ್ಕೀಲಿ ನಾಝಲ್‌ಗಿಂತ ಎತ್ತರ ಇದ್ರೆ ಹೀರೋದೂ ಬೇಡ, ತಾನಾಗೇ ಇಳಿಯುತ್ತೆ. ನಾಝಲ್ ಹತ್ರನೇ ಒಂದು ಸೊಲೆನಾಯ್ಡ್ (ಕರೆಂಟ್‌ನಿಂದ ತೆರೆದು ಮುಚ್ಚೋ ವಾಲ್ವ್) ಹಾಕಿ, ಪಂಪ್ ಜೊತೆ ಆನ್ ಆಗೋ ಹಾಗೆ. ಇದರಿಂದ ಇನ್ನೊಂದು ಲಾಭ ಇದೆ. 4 ಮಿಮೀ ಒಳಅಳತೆಯ ಪೈಪ್ 4 ಮೀಟರ್ ಇದ್ರೆ ಅದರೊಳಗೆ 50 ಎಂಎಲ್ ಹಿಡಿಯುತ್ತೆ, ಅದು ಖಾಲಿಯಾಗಿದ್ರೆ ನಿಮಿಷಕ್ಕೆ ಲೀಟರ್ ತಳ್ಳೋ ಪಂಪ್‌ಗೂ ತುಂಬೋಕೆ 3 ಸೆಕೆಂಡ್ ಬೇಕು. ಆ 3 ಸೆಕೆಂಡ್ ಫುಲ್ ಬೂಸ್ಟ್‌ನಲ್ಲಿ ಇಂಜಿನ್‌ಗೆ ಬರೀ ಬಿಸಿ ಗಾಳಿ. ಸೊಲೆನಾಯ್ಡ್ ಮುಂದಿದ್ರೆ ಲೈನ್ ಯಾವಾಗ್ಲೂ ತುಂಬಿರುತ್ತೆ.

ಪ್ರ: ಕಂಟ್ರೋಲರ್‌ನಲ್ಲಿ ಸ್ಟಾರ್ಟ್, ಫುಲ್ ಎಷ್ಟಕ್ಕೆ ಇಡ್ಲಿ?

ನಾನು 20ರ ಬೂಸ್ಟ್‌ಗೆ ಸ್ಟಾರ್ಟ್ (ಸ್ಪ್ರೇ ಶುರುವಾಗೋ ಬೂಸ್ಟ್) 10, ಫುಲ್ (ಪಂಪ್ ಪೂರ್ತಿ ಓಡೋ ಬೂಸ್ಟ್) 18 ಪಿಎಸ್‌ಐ ಇಟ್ಟಿದ್ದೀನಿ. 4-5 ಪಿಎಸ್‌ಐನಲ್ಲೇ ಸ್ಪ್ರೇ ಶುರು ಮಾಡಿದ್ರೆ ಲಾಭ ಏನಿಲ್ಲ, ಗಾಳಿ ಇನ್ನೂ ಅಷ್ಟು ಬಿಸಿ ಆಗಿರಲ್ಲ, ಜೊತೆಗೆ ಪಂಪ್ ಸ್ಪೀಡ್ ಕಮ್ಮಿ ಇದ್ದಾಗ ಪ್ರೆಶರೂ ಕಮ್ಮಿ, ಭರಣೀಲಿ ನೋಡಿದ್ನಲ್ಲ ಆ ದಾರದ ತರ ಬೀಳೋದು ಇಲ್ಲೇ. ಅದಕ್ಕೇ ಪಂಪ್‌ನ ಕನಿಷ್ಠ ಡ್ಯೂಟಿ (ಕಂಟ್ರೋಲರ್ ಅದಕ್ಕೆ ಕೊಡೋ ಪವರ್‌ನ ಪಾಲು) ತೀರಾ ಕೆಳಗಿಡಬೇಡಿ, ಕೋನ್ ಚೆನ್ನಾಗಿ ತೆರೆಯೋ ಪಾಯಿಂಟ್ ಎಲ್ಲಿದೆ ಅಂತ ಅದೇ ಭರಣೀಲಿ ನೋಡಿ ಅಲ್ಲಿಂದ ಶುರು ಮಾಡ್ಸಿ. ಪಂಪ್ ಪೂರ್ತಿ ಪ್ರೆಶರ್‌ನಲ್ಲೇ ಇಟ್ಟು ವೇಗವಾಗಿ ತೆರೆದು ಮುಚ್ಚೋ ವಾಲ್ವ್‌ನಿಂದ ಅಳತೆ ಮಾಡೋ ಸಿಸ್ಟಂಗಳಲ್ಲಿ ಈ ತಲೆನೋವಿಲ್ಲ, ಬೆಲೆ ಜಾಸ್ತಿ.

ಪ್ರ: ಮಿಕ್ಸ್ ಎಷ್ಟು? ಮೆಥನಾಲ್ ಎಲ್ಲಿ ಸಿಗುತ್ತೆ?

ಅರ್ಧ ನೀರು ಅರ್ಧ ಮೆಥನಾಲ್, ಇದರ ಮೇಲೆ ಹೋಗೋದು ರಸ್ತೆ ಕಾರಿಗೆ ಬೇಡ. ನೀರು ಅಂದ್ರೆ ಡಿಸ್ಟಿಲ್ಡ್ ವಾಟರ್, ಬ್ಯಾಟರಿ ಅಂಗಡೀಲಿ ಸಿಗುತ್ತೆ. ಬೋರ್‌ವೆಲ್ ನೀರು ಖಂಡಿತ ಬೇಡ, ಯಾಕೆ ಅಂತ ಕೆಳಗೆ ಹೇಳ್ತೀನಿ.

ಮೆಥನಾಲ್ ಬಗ್ಗೆ ಒಂದು ಮಾತು ಗಟ್ಟಿಯಾಗೇ ಹೇಳ್ಬೇಕು. 1981ರಲ್ಲಿ ಬೆಂಗಳೂರಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ರಲ್ಲ, ಅದು ಇದೇ ಮೆಥನಾಲ್. ಬಣ್ಣ ಇಲ್ಲ, ವಾಸನೆ ಸಾರಾಯಿ ತರಾನೇ, ಸ್ವಲ್ಪವೇ ಕಣ್ಣು ತೆಗೆಯುತ್ತೆ, ಚರ್ಮದಿಂದಲೂ ಒಳಗೆ ಹೋಗುತ್ತೆ. ನೀರಿನ ಬಾಟಲಿಗೆ, ಕೂಲ್‌ಡ್ರಿಂಕ್ಸ್ ಬಾಟಲಿಗೆ ಯಾವತ್ತೂ ಹಾಕಬೇಡಿ, ಐದು ನಿಮಿಷಕ್ಕೂ ಬೇಡ. ಗ್ಲೌಸ್ ಹಾಕ್ಕೊಂಡು ಬಯಲಲ್ಲಿ ಮಿಕ್ಸ್ ಮಾಡಿ. ಬೆಂಕಿ ಹತ್ತಿದ್ರೆ ಬಿಸಿಲಲ್ಲಿ ಜ್ವಾಲೆ ಕಣ್ಣಿಗೆ ಕಾಣಲ್ಲ, ಅರ್ಧ ನೀರು ಸೇರಿಸಿದ್ರೂ ನಮ್ ಬೇಸಿಗೇಲಿ ಹತ್ಕೊಳ್ಳುತ್ತೆ. ಇದನ್ನ ಮಾರೋದು, ಇಟ್ಕೊಳ್ಳೋದು ಕಾನೂನಿನ ಹಿಡಿತದಲ್ಲಿದೆ, ಹಾಗಾಗಿ ಲೈಸೆನ್ಸ್ ಇರೋ ಕೆಮಿಕಲ್ ಡೀಲರ್ ಹತ್ರ ಮೊದಲು ನಿಯಮ ಏನು ಅಂತ ಕೇಳಿ, ಬಿಲ್ ತಗೊಳ್ಳಿ, ಯಾರೋ ಗುಜರಿಯಲ್ಲಿ ಕೊಟ್ಟ ಕ್ಯಾನ್ ಮುಟ್ಟಬೇಡಿ. ಅದೆಲ್ಲ ಬೇಡ ಅನ್ಸಿದ್ರೆ ಬರೀ ಡಿಸ್ಟಿಲ್ಡ್ ನೀರು ಹೊಡೀರಿ, ತಂಪು ಮಾಡೋ ಕೆಲಸದ ದೊಡ್ಡ ಪಾಲು ನೀರಿನದ್ದೇ. ಮನೇಲಿ ಸಣ್ಣ ಮಕ್ಕಳಿರೋರಿಗೆ ನಾನು ಹೇಳೋದೂ ಅದನ್ನೇ.

ಪ್ರ: ಸ್ಪ್ರೇ ಹಾಕಿದ ಮೇಲೆ ಎಎಫ್‌ಆರ್ (ಗಾಳಿ-ಇಂಧನ ಅನುಪಾತ) ರಿಚ್, ಅಂದ್ರೆ ಇಂಧನ ಜಾಸ್ತಿ ಅಂತ ತೋರಿಸ್ತಿದೆ.

ತೋರಿಸಲೇಬೇಕು, ಮೆಥನಾಲ್ ಇಂಧನ ತಾನೇ. ನಮ್ ಲೆಕ್ಕದ 228 ಎಂಎಲ್ ಅರ್ಧರ್ಧ ಮಿಕ್ಸ್‌ನಲ್ಲಿ ಸುಮಾರು 90 ಗ್ರಾಂ ಮೆಥನಾಲ್, ಅದು ಒಟ್ಟು ಫ್ಯುಯೆಲ್ 4 ಪರ್ಸೆಂಟ್ ಏರಿಸಿದ ಹಾಗೆ. 12.0 ಇದ್ದದ್ದು 11.5 ಆಗುತ್ತೆ. ಅದಕ್ಕಿಂತ ತುಂಬಾ ರಿಚ್ ಆದ್ರೆ ನಾಝಲ್ ಜಾಸ್ತಿ ಹೊಡೀತಿದೆ ಅಂತ. ಬದಲಾವಣೆ ಏನೂ ಇಲ್ಲ ಅಂದ್ರೆ ಸ್ಪ್ರೇನೇ ಆಗ್ತಿಲ್ಲ, ಟ್ಯಾಂಕಲ್ಲಿ ಬರೀ ನೀರಿದ್ರೆ ಮಾತ್ರ ಬೇರೆ ವಿಷಯ. ಪೆಟ್ರೋಲ್ ಕಮ್ಮಿ ಮಾಡಿ 12.0ಗೆ ವಾಪಸ್ ತರೋಣ ಅಂತ ಟ್ಯೂನರ್ ಹೇಳಿದ್ರೆ, ಪಂಪ್ ನಿಂತ ದಿನ ಏನಾಗುತ್ತೆ ಅಂತ ಅವರನ್ನೇ ಕೇಳಿ.

ಪ್ರ: ಫೇಲ್‌ಸೇಫ್ (ಸ್ಪ್ರೇ ಕೈಕೊಟ್ರೆ ಇಂಜಿನ್ ಉಳಿಸೋ ವ್ಯವಸ್ಥೆ) ಬೇಕೇ ಬೇಕಾ? ಪ್ರೆಶರ್ ಗೇಜ್ ಡ್ಯಾಶ್ ಮೇಲಿದೆಯಲ್ಲ.

ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದ್ಸಲ ಡಿಸ್ಟಿಲ್ಡ್ ವಾಟರ್ ಸಿಗ್ಲಿಲ್ಲ ಅಂತ ಮನೆ ಬೋರ್‌ವೆಲ್ ನೀರು ತುಂಬಿದೆ, ಎರಡು ಮೂರು ಟ್ಯಾಂಕ್ ಅದರಲ್ಲೇ ಓಡಿಸಿದೆ. ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೆ ಹೋದಾಗ ನಾಲ್ಕನೇ ಲ್ಯಾಪ್‌ಗೆ ಎಳೆತ ಸತ್ತೋದ ಹಾಗಾಯ್ತು. ಗೇಜ್ ನೋಡ್ದೆ, 150, ಕಲ್ಲಿನ ಹಾಗೆ ನಿಂತಿದೆ. ಎಲ್ಲ ಸರಿ ಇದೆ ಅಂತ ಇನ್ನೊಂದು ಲ್ಯಾಪ್ ಹೊಡೆದೆ. ಪಿಟ್‌ಗೆ ಬಂದು ಲಾಗ್ ತೆಗೆದ್ರೆ ಇಸಿಯು ನಾಕಿಂಗ್‌ಗೆ 9 ಡಿಗ್ರಿ ಟೈಮಿಂಗ್ ಹಿಂದಕ್ಕೆ ಎಳೆದಿತ್ತು. ನಾಝಲ್ ಬಿಚ್ಚಿದ್ರೆ ಅದರ ಹಿಂದಿನ ಕಡ್ಲೆಕಾಳಿನಷ್ಟು ಜಾಲರಿ ಫಿಲ್ಟರ್ ಮೇಲೆ ಬಿಳಿ ಉಪ್ಪು, ಗೀಸರ್ ಕಾಯಿಲ್ ಮೇಲೆ ಕಟ್ಟುತ್ತಲ್ಲ ಅದೇ, ಉಗುರಲ್ಲಿ ಕೆರೆದ್ರೆ ಪುಡಿ ಉದುರ್ತು. ಇಂಜಿನ್ ಉಳಿದದ್ದು ಇಸಿಯು ಸಮಯಕ್ಕೆ ಟೈಮಿಂಗ್ ಎಳೆದಿದ್ದಕ್ಕೆ.

ನಾಝಲ್ ಕಟ್ಟಿಕೊಂಡ್ರೆ ಪ್ರೆಶರ್ ಇಳಿಯಲ್ಲ, ಪೂರ್ತಿ ಹಾಗೇ ಇರುತ್ತೆ, ನೀರು ಹೋಗ್ತಾನೇ ಇಲ್ಲವಲ್ಲ. ಪೈಪ್ ಕಿತ್ತೋದ್ರೆ ಮಾತ್ರ ಪ್ರೆಶರ್ ಬೀಳುತ್ತೆ. ಹಾಗಾಗಿ ಪ್ರೆಶರ್ ಸೆನ್ಸರ್ ಒಂದೇ ಸಾಲಲ್ಲ, ಫ್ಲೋ ಸೆನ್ಸರ್ ಬೇಕು, ಅದೂ ನಾಝಲ್ ಹತ್ರ. ಎಷ್ಟು ಎಂಎಲ್ ಹೋಗ್ಬೇಕು ಅಂತ ಒಂದು ಕಿಟಕಿ ಕೊಡಿ, ಮೇಲೆ ಹೋದ್ರೂ ಕೆಳಗೆ ಬಂದ್ರೂ ಬೂಸ್ಟ್ ವೇಸ್ಟ್‌ಗೇಟ್ (ಬೂಸ್ಟ್‌ಗೆ ಮಿತಿ ಹಾಕೋ ವಾಲ್ವ್) ಸ್ಪ್ರಿಂಗ್‌ನ ಕನಿಷ್ಠ ಮಟ್ಟಕ್ಕೆ ಬೀಳೋ ಹಾಗೆ ವೈರಿಂಗ್ ಮಾಡ್ಸಿ. ಬರೀ ಲೈಟ್ ಹತ್ತಿದ್ರೆ ಸಾಲಲ್ಲ, 5000 ಆರ್‌ಪಿಎಂನಲ್ಲಿ ಯಾರೂ ಲೈಟ್ ನೋಡಲ್ಲ. ಟ್ಯಾಂಕ್‌ನಲ್ಲಿ ಲೆವೆಲ್ ಸ್ವಿಚ್, ಅದು ತಳಕ್ಕಲ್ಲ, ಒಂದು ಲೀಟರ್ ಉಳಿದಿರೋವಾಗಲೇ ಹೇಳೋ ಎತ್ತರಕ್ಕೆ, ಯಾಕಂದ್ರೆ ತಿರುವಲ್ಲಿ ನೀರು ಒಂದು ಕಡೆ ಹೋದಾಗ ಪಂಪ್ ಗಾಳಿ ಎಳೆಯುತ್ತೆ.

ಪ್ರ: ಆರ್‌ಟಿಒ, ವಾರಂಟಿ?

ಗಾಡೀನ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಾಗೆ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ವಾರಂಟಿ ಇರೋ ಗಾಡಿಗೆ ಹಾಕಲೇಬೇಡಿ. ಟ್ರ್ಯಾಕ್‌ಗೆ ಅಂತಲೇ ಇಟ್ಕೊಂಡಿರೋ ಗಾಡಿಗೆ ಹಾಕ್ಕೊಳ್ಳಿ.

ಪ್ರ: ಮೇಂಟೆನೆನ್ಸ್ ಎಷ್ಟು ದಿನಕ್ಕೆ?

ನಾನು ತಿಂಗಳಿಗೊಂದ್ಸಲ ನಾಝಲ್ ಬಿಚ್ಚಿ ಜಾಲರಿ ನೋಡ್ತೀನಿ, ಪಂಪ್ ಮುಂಚಿನ ಫಿಲ್ಟರ್ ಮೂರು ತಿಂಗಳಿಗೆ, ಲೋಟ ಹಿಡಿದು ಎಂಎಲ್ ಅಳೆಯೋದು ಆರು ತಿಂಗಳಿಗೆ. ಅಳೆದದ್ದನ್ನ ಟ್ಯಾಂಕ್ ಮುಚ್ಚಳದ ಒಳಗಡೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೀನಿ, ತಾರೀಕು, ವೋಲ್ಟೇಜ್, ಪಿಎಸ್‌ಐ, ಎಂಎಲ್. ಕಳೆದ ಸಲಕ್ಕಿಂತ 10 ಪರ್ಸೆಂಟ್ ಕಮ್ಮಿ ಬಂದ್ರೆ ಬೂಸ್ಟ್ ಇಳಿಸಿಟ್ಟು ಮೊದಲು ಜಾಲರಿ, ಆಮೇಲೆ ವೈರಿಂಗ್, ಕೊನೇಲಿ ಪಂಪ್, ಈ ಸಾಲಲ್ಲೇ ಹುಡುಕ್ತೀನಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸೋದಿದ್ರೆ ಟ್ಯಾಂಕ್ ಖಾಲಿ ಮಾಡಿ, ಒಂದು ಲೀಟರ್ ಡಿಸ್ಟಿಲ್ಡ್ ನೀರು ಲೈನ್ ಪೂರ್ತಿ ಓಡಿಸಿ ಬಿಡಿ.